ಕೆರೆಯಂಗಳದಿಂದ ಹುಲ್ಲುಮಲೆಗೆ: ಎರಿಯೊಕಾಲಾನ್ ಸಸ್ಯಗಳ ವರ್ಗೀಕರಣದ ಚರಿತ್ರೆ

ತಂಪಾದ, ಗಾಳಿ ಬೀಸುವ, ನೆಲ ಸದಾ ಒದ್ದೆಯಾಗಿರುವ ಎತ್ತರದ ಜೌಗು ಮಾಳಗಳಲ್ಲಿ ಕೆಲವು ಸಸ್ಯಗಳು ಮೇಲಕ್ಕೆ ಬೆಳೆಯದೆ, ಗಿಡ್ಡ ಕಾಂಡಗಳನ್ನು ಒತ್ತೊತ್ತಾಗಿ ಕವಲೊಡೆಸಿಕೊಂಡು, ಎಲೆಗಳನ್ನು ಬಿಗಿಯಾಗಿ ಜೋಡಿಸಿಕೊಂಡು ನೆಲಕ್ಕಂಟಿದ ಮೆತ್ತೆಯ ಆಕಾರವನ್ನು ತಳೆಯುತ್ತವೆ. ದಕ್ಷಿಣ ಅಮೆರಿಕದ ಆಂಡೀಸ್ ಪರ್ವತಶ್ರೇಣಿಯಲ್ಲಿ ಪಾರಮೊ ಎಂದು ಕರೆಯಲಾಗುವ ಮಾಳಗಳಲ್ಲಿ ಇಂಥ ಮೆತ್ತೆಗಳನ್ನು ಕಟ್ಟುವ ಸಸ್ಯಗಳಲ್ಲಿ ಪೇಪಲಾಂಥಸ್ ಎಂಬ ಕುಲದವೂ ಸೇರಿವೆ. ಅವು ಎರಿಯೊಕಾಲೇಸಿ ಎಂಬ ಕುಟುಂಬಕ್ಕೆ ಸೇರಿದ್ದು, ಸುಮಾರು 1200 ಪ್ರಭೇದಗಳುಳ್ಳ ಈ ಕುಟುಂಬದ ಬಹುಪಾಲು ಅಮೆರಿಕ ಖಂಡಗಳ ಉಷ್ಣವಲಯದಲ್ಲಿದೆ. ಭಾರತದಲ್ಲಿ ಈ ಕುಟುಂಬವನ್ನು ಪ್ರತಿನಿಧಿಸುವುದು ಎರಿಯೊಕಾಲಾನ್ ಎಂಬ ಒಂದೇ ಕುಲ; ಆದರೆ ಆ ಒಂದು ಕುಲವೇ ಕರ್ನಾಟಕದ ಪೂರ್ವದ ಕೆರೆಯಂಗಳಗಳಿಂದ ಪಶ್ಚಿಮದ ಹುಲ್ಲುಮಲೆಗಳವರೆಗೆ ಹಲವು ರೂಪಗಳಲ್ಲಿ ಹರಡಿಕೊಂಡಿದೆ. ಔಷಧಿಗೋ ಅಡುಗೆಗೋ ಮನೆಕಟ್ಟುವುದಕ್ಕೋ ಹೆಚ್ಚಾಗಿ ಒದಗದ ಈ ಗಿಡಗಳನ್ನು ವಿಜ್ಞಾನವು ಎರಡೂವರೆ ಶತಮಾನಗಳ ಕಾಲ ಹೇಗೆ ಗುರುತಿಸಿತು, ಹೇಗೆ ಮತ್ತೆ ಮತ್ತೆ ಸ್ಥಳಾಂತರಿಸಿತು ಎಂಬ ಚರಿತ್ರೆಯನ್ನು ನೋಡಿದರೆ, ಒಂದು ಸಸ್ಯದ ಸ್ಥಾನ ಅದರ ರಚನೆಯಿಂದ ಎಷ್ಟು ನಿರ್ಧಾರವಾಗುತ್ತದೆಯೋ, ಅದು ಬೆಳೆಯುವ ನೆಲಕ್ಕೆ ಮನುಷ್ಯರು ಕಟ್ಟಿದ ಬೆಲೆಯಿಂದಲೂ ಅಷ್ಟೇ ನಿರ್ಧಾರವಾಗುತ್ತದೆ ಎಂಬುದು ಸ್ಪಷ್ಟವಾಗುತ್ತದೆ.

ಎರಿಯೊಕಾಲಾನಿನ ದೇಹರಚನೆ ಸರಳವಾಗಿ ಕಂಡರೂ ವಿವರಗಳಲ್ಲಿ ಕ್ಲಿಷ್ಟವಾದುದು. ನೆಲಮಟ್ಟದಲ್ಲಿ ಹುಲ್ಲಿನಂಥ ಎಲೆಗಳು ವೃತ್ತಾಕಾರವಾಗಿ ಹರಡಿಕೊಂಡಿರುತ್ತವೆ; ಬೆಳಕಿಗೆ ಹಿಡಿದರೆ ಈ ಎಲೆಗಳಲ್ಲಿ ಅಡ್ಡ ಮತ್ತು ಉದ್ದದ ಗೆರೆಗಳು ಹೆಣೆದ ಜಾಲರಿ ಕಾಣುತ್ತದೆ. ಬೇರುಗಳು ಬಿಳಿಯಾಗಿ, ಸ್ಪಂಜಿನಂತೆ ಗಾಳಿ ತುಂಬಿಕೊಂಡು, ಒಳಗೆ ಅಡ್ಡಪರದೆಗಳನ್ನು ಹೊಂದಿದ್ದು, ನೀರು ನಿಂತು ಉಸಿರುಗಟ್ಟುವ ಕೆಸರಿನಲ್ಲಿ ಬದುಕಲು ಅನುಕೂಲವಾಗಿರುತ್ತವೆ. ಎಲೆಗಳ ನಡುವಿನಿಂದ ಎಲೆಯಿಲ್ಲದ ಸಪೂರ ಹೂದಂಡುಗಳು ಏಳುತ್ತವೆ. ಪ್ರತಿ ದಂಡಿನ ಮೇಲೂ ಉದ್ದುದ್ದನೆಯ ಏಣುಗಳಿದ್ದು, ದಂಡು ಸ್ವಲ್ಪ ತಿರುಚಿಕೊಂಡಿರುವುದರಿಂದ ಆ ಏಣುಗಳೂ ಸುರುಳಿಯಾಗಿ ಸಾಗುತ್ತವೆ. ತುದಿಯಲ್ಲಿ ಗುಂಡುಸೂಜಿಯ ತಲೆಯಂತೆ ಕಾಣುವ ಬಿಳಿಯ ಅಥವಾ ಬೂದುಬಣ್ಣದ ಹೂಚೆಂಡು ಇರುತ್ತದೆ. ಆ ಚೆಂಡು ಒಂದು ಹೂವಲ್ಲ, ಹತ್ತಾರು ಸಣ್ಣ ಹೂಗಳ ಗುಂಪು. ಗಂಡು ಹೂ ಮತ್ತು ಹೆಣ್ಣು ಹೂ ಬೇರೆ ಬೇರೆಯಾಗಿದ್ದರೂ ಸಾಮಾನ್ಯವಾಗಿ ಒಂದೇ ಚೆಂಡಿನಲ್ಲಿರುತ್ತವೆ, ಪ್ರತಿ ಹೂವಿನ ಬುಡದಲ್ಲಿ ಅದನ್ನು ಮರೆಮಾಡುವ ಉಪಪತ್ರವೆಂಬ ಪುಟ್ಟ ಎಲೆಯಿರುತ್ತದೆ. ಒಂದೆರಡು ಮಿಲಿಮೀಟರಿನ ಈ ಹೂವಿನೊಳಗೆ ಎಸಳುಗಳ ತುದಿಯಲ್ಲಿರುವ ಕಪ್ಪು ಗ್ರಂಥಿ, ಕೇಸರಗಳ ಸಂಖ್ಯೆ, ಅವುಗಳ ತುದಿಯಲ್ಲಿರುವ ಪರಾಗಕೋಶಗಳ ಬಣ್ಣ, ಅಂಡಾಶಯದ ಹೋಳುಗಳು ಮುಂತಾದವುಗಳನ್ನು ಮಸೂರದ ಅಡಿಯಲ್ಲಿ ಬಿಡಿಸಿ ನೋಡದ ಹೊರತು ಒಂದು ಪ್ರಭೇದವನ್ನು ಇನ್ನೊಂದರಿಂದ ಬೇರ್ಪಡಿಸುವುದು ಕಷ್ಟ.

ಕರ್ನಾಟಕದಲ್ಲಿ ಈ ಕುಲ ಎರಡು ಬಗೆಯ ನೆಲಗಳಲ್ಲಿ ನೆಲೆಸಿದೆ. ಒಂದು, ಕೋಲಾರದಂಥ ಪೂರ್ವ ಬಯಲುಸೀಮೆಯ ಕೆರೆಗಳ ಲೋಕ. ಬಂಗಾರಪೇಟೆಯಿಂದ ಕೋರಮಂಡಲ್, ಊರಿಗಾಂ, ಚಾಂಪಿಯನ್ ನಿಲ್ದಾಣಗಳನ್ನು ದಾಟಿ ಮಾರಿಕುಪ್ಪಂವರೆಗೆ ಸಾಗುವ ರೈಲುಮಾರ್ಗದ ಆಚೀಚೆ ಸದಾ ಹರಿಯುವ ನದಿಯಿಲ್ಲದ ಊರುಗಳು ಮಳೆನೀರನ್ನು ಒಂದರ ಕೆಳಗೊಂದು ಕಟ್ಟಿದ ಕೆರೆಗಳಲ್ಲಿ ಹಿಡಿದಿಟ್ಟುಕೊಂಡು ಬದುಕಿದವು. ಕೋಲಾರ ಚಿನ್ನದ ಗಣಿಗಳಿಗೂ ಗಣಿಕಾರ್ಮಿಕರ ಲೈನುಗಳಿಗೂ 20ನೆಯ ಶತಮಾನದ ಆರಂಭದಿಂದ ನೀರು ಬಂದದ್ದು ಪಾಲಾರ್ ಹರಿವಿಗೆ ಸೇರಿದ ಬೇತಮಂಗಲದ ಕೆರೆಯಿಂದ. ಇಂಥ ಕೆರೆಗಳ ನೀರು ಮಳೆಗಾಲದ ನಂತರ ಇಳಿಯತೊಡಗಿದಾಗ ಬಯಲಾಗುವ ಕೆಸರಂಚು, ಅಚ್ಚುಕಟ್ಟಿನ ಭತ್ತದ ಗದ್ದೆ, ಬಂಡೆಗಳ ಮೇಲೆ ನೀರು ಜಿನುಗುವ ಗುಂಡಿ, ಇವು ದಖ್ಖನಿನಾದ್ಯಂತ ಎರಿಯೊಕಾಲಾನ್ ಸಿನೇರಿಯಮ್, ಎರಿಯೊಕಾಲಾನ್ ಕ್ವಿಂಕ್ವಾಂಗ್ಯುಲೇರ್ ಮುಂತಾದ, ಒಂದೇ ಋತುವಿನಲ್ಲಿ ಹುಟ್ಟಿ ಬೀಜಬಿಟ್ಟು ಸಾಯುವ ಪ್ರಭೇದಗಳ ನೆಲೆಗಳು. ಇನ್ನೊಂದು, ಕುದುರೆಮುಖ, ಬಾಬಾಬುಡನ್‌ಗಿರಿ, ಕೊಡಚಾದ್ರಿಗಳ ಹುಲ್ಲುಮಲೆಗಳು, ಅವುಗಳ ತಗ್ಗಿನ ಜೌಗುನೆಲಗಳಾದ ಹಡ್ಲುಗಳು ಮತ್ತು ಕರಾವಳಿಯಿಂದ ಬೆಳಗಾವಿಯವರೆಗಿನ ಜಂಬಿಟ್ಟಿಗೆ ಕಲ್ಲಿನ ಬಯಲುಗಳು. ಇಲ್ಲಿ ಮಳೆ ಹಲವು ಪಟ್ಟು ಹೆಚ್ಚು. ಎತ್ತರದ ಹಡ್ಲುಗಳಲ್ಲಿ ಹಲವು ವರ್ಷ ಬಾಳುವ ದಪ್ಪಬುಡದ ಪ್ರಭೇದಗಳು ಗುಂಪುಗೂಡಿ ಬೆಳೆದು, ಆಂಡೀಸ್‌ನ ಬಂಧುಗಳಷ್ಟು ಬಿಗಿಯಾಗಿ ಅಲ್ಲದಿದ್ದರೂ, ಒತ್ತಾದ ದಿಂಡುಗಳನ್ನು ಕಟ್ಟುತ್ತವೆ.

ಈ ಸಸ್ಯಗಳಿಗೆ ಇಂದಿನ ಪದ್ಧತಿಯ ಹೆಸರುಗಳು ಬಂದದ್ದು ಸ್ವೀಡನ್ನಿನ ಕಾರ್ಲ್ ಲಿನೇಯಸ್ 1753ರಲ್ಲಿ ಪ್ರಕಟಿಸಿದ ‘ಸ್ಪೀಶೀಸ್ ಪ್ಲಾಂಟಾರಮ್’ ಗ್ರಂಥದಿಂದ. ಅವನ ಮುಂದಿದ್ದ ಏಷ್ಯದ ಮಾದರಿಗಳಿಗೆ ಮುಖ್ಯ ಆಧಾರ, ಡಚ್ ಈಸ್ಟ್ ಇಂಡಿಯಾ ಕಂಪನಿಯ ವೈದ್ಯನಾಗಿದ್ದ ಪಾಲ್ ಹರ್ಮನ್ 17ನೆಯ ಶತಮಾನದಲ್ಲಿ ಸಿಂಹಳದಲ್ಲಿ ಕೂಡಿಸಿದ ಒಣಗಿಡಗಳು; ಅವುಗಳನ್ನು ಆಧರಿಸಿ ಲಿನೇಯಸ್ 1747ರಲ್ಲಿಯೇ ‘ಫ್ಲೋರಾ ಜೈಲಾನಿಕಾ’ ಬರೆದಿದ್ದನು. ಒಣಗಿ ಚಪ್ಪಟೆಯಾದ ಗಿಡದಲ್ಲಿ ಬರಿಗಣ್ಣಿಗೆ ಸುಲಭವಾಗಿ ಎಣಿಸಲು ಸಿಗುವುದು ಹೂದಂಡಿನ ಏಣುಗಳು; ಆದುದರಿಂದ ಐದು ಏಣಿನದು ಕ್ವಿಂಕ್ವಾಂಗ್ಯುಲೇರ್ ಎಂದೂ, ಆರು ಏಣಿನದು ಸೆಕ್ಸಾಂಗ್ಯುಲೇರ್ ಎಂದೂ, ಉತ್ತರ ಅಮೆರಿಕದ ಹತ್ತು ಏಣಿನದು ಡೆಕಾಂಗ್ಯುಲೇರ್ ಎಂದೂ ಹೆಸರು ಪಡೆದವು. ಬಳಿಕ ಸ್ಕಾಟ್ಲೆಂಡಿನ ಪಶ್ಚಿಮ ದ್ವೀಪಗಳಲ್ಲಿ ಮತ್ತು ಐರ್ಲೆಂಡಿನಲ್ಲಿ ಸಿಕ್ಕಿದ ಪ್ರಭೇದಕ್ಕೂ ಏಳು ಏಣುಗಳನ್ನು ಸೂಚಿಸುವ ಸೆಪ್ಟಾಂಗ್ಯುಲೇರ್ ಎಂಬ ಹೆಸರೇ ಬಿತ್ತು. ಆದರೆ ಏಣುಗಳ ಸಂಖ್ಯೆ ಒಂದೇ ಪ್ರಭೇದದೊಳಗೂ ಹೆಚ್ಚುಕಡಿಮೆಯಾಗುತ್ತದೆ; ಎಣಿಕೆಯನ್ನು ಆಧರಿಸಿದ ಹೆಸರುಗಳು ಉಳಿದವು, ಲಕ್ಷಣವಾಗಿ ಎಣಿಕೆ ಮಾತ್ರ ನಂಬಿಕೆ ಕಳೆದುಕೊಂಡಿತು. ಕೇಸರಗಳ ಸಂಖ್ಯೆಯನ್ನೇ ಅಡಿಪಾಯವಾಗಿಸಿಕೊಂಡಿದ್ದ ಲಿನೇಯಸ್‌ನ ಕ್ರಮದಲ್ಲಿ ಇಡೀ ಕುಲ ಮೂರು ಕೇಸರಗಳ ವರ್ಗಕ್ಕೆ ಸೇರಿತ್ತು. ಭಾರತದ ಬಹುತೇಕ ಪ್ರಭೇದಗಳ ಗಂಡು ಹೂವಿನಲ್ಲಿ ಆರು ಕೇಸರಗಳಿರುವುದರಿಂದ ಆ ಸ್ಥಾನವೂ ಬಹುಕಾಲ ನಿಲ್ಲುವಂಥದಾಗಿರಲಿಲ್ಲ.

ಮೈಸೂರು ಸೀಮೆಯ ಸಸ್ಯಗಳು ಯುರೋಪಿನ ವಿಜ್ಞಾನಿಗಳ ಗಮನಕ್ಕೆ ವ್ಯವಸ್ಥಿತವಾಗಿ ಬರತೊಡಗಿದ್ದು 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ. ಇಂಗ್ಲಿಷ್ ಈಸ್ಟ್ ಇಂಡಿಯಾ ಕಂಪನಿಯ ಸಸ್ಯತಜ್ಞನಾಗಿದ್ದ ಬೆಂಜಮಿನ್ ಹೈನೆಗೆ ಬೆಂಗಳೂರಿನ ಲಾಲ್‌ಬಾಗ್ ತೋಟದ ಹೊಣೆ ದೊರೆಯಿತು. ಅವನು ಕೂಡಿಸಿದ ಮಾದರಿಗಳನ್ನು ಆಧರಿಸಿ ಜರ್ಮನಿಯ ಆಲ್ಬ್ರೆಖ್ಟ್ ರೋಟ್ 1821ರಲ್ಲಿ ಭಾರತದ ಹೊಸ ಸಸ್ಯಗಳ ಗ್ರಂಥವೊಂದನ್ನು ಪ್ರಕಟಿಸಿದನು. ಗವರ್ನರ್ ಜನರಲ್ ವೆಲ್ಲೆಸ್ಲಿಯ ಆಜ್ಞೆಯ ಮೇರೆಗೆ 1800ರ ಏಪ್ರಿಲ್‌ನಲ್ಲಿ ಮದರಾಸಿನಿಂದ ಹೊರಟ ವೈದ್ಯ ಫ್ರಾನ್ಸಿಸ್ ಬುಕಾನನ್ ಘಟ್ಟವನ್ನೇರಿ, ವೆಂಕಟಗಿರಿ ಕೋಟೆಯ ಮಾರ್ಗವಾಗಿ ಬೇತಮಂಗಲವನ್ನು ಹಾದು ಬೆಂಗಳೂರಿನತ್ತ ಸಾಗಿದನು. ಜುಲೈನಲ್ಲಿ ಮತ್ತೆ ಕೋಲಾರದ ಕಡೆಗೆ ಬಂದನು. 1807ರಲ್ಲಿ ಮೂರು ಸಂಪುಟಗಳಾಗಿ ಅಚ್ಚಾದ ಅವನ ಪ್ರವಾಸಗ್ರಂಥ ಕೃಷಿ, ನೇಯ್ಗೆ, ಕಬ್ಬಿಣ ಕರಗಿಸುವ ಕಸುಬು, ಜಾತಿಪದ್ಧತಿಗಳ ವಿವರಗಳಿಂದ ತುಂಬಿದೆ, ಏಕೆಂದರೆ ಅವನಿಗೆ ವಹಿಸಿದ ಕೆಲಸ ಹೊಸದಾಗಿ ಗೆದ್ದ ನಾಡಿನ ಸಂಪತ್ತಿನ ಲೆಕ್ಕವಾಗಿತ್ತು. ಅಲ್ಲದೆ ಎರಿಯೊಕಾಲಾನ್ ಸಾಮಾನ್ಯವಾಗಿ ಹೂಬಿಡುವುದು ಆಗಸ್ಟಿನಿಂದ ಡಿಸೆಂಬರ್‌ವರೆಗೆ; ಕೋಲಾರ ಸೀಮೆಯಲ್ಲಿ ಬುಕಾನನ್ ಇದ್ದದ್ದು ಬೇಸಗೆಯ ಕೊನೆಯಲ್ಲಿ ಮತ್ತು ಮಳೆಗಾಲದ ಮೊದಲಲ್ಲಿ. ಹೀಗಿದ್ದರೂ ಅವನ ಹೆಸರು ಈ ಕುಲದ ಚರಿತ್ರೆಯಲ್ಲಿ ಬೇರೊಂದು ದಾರಿಯಿಂದ ಸೇರಿಕೊಂಡಿತು. ಕರ್ನಾಟಕವೂ ಸೇರಿದಂತೆ ದಕ್ಷಿಣ ಏಷ್ಯದ ಒದ್ದೆನೆಲಗಳಲ್ಲಿ ಬೆಳೆಯುವ ಎರಿಯೊಕಾಲಾನ್ ಟ್ರಂಕೇಟಮ್ ಎಂಬ ಪ್ರಭೇದದ ಕರ್ತೃತ್ವದಲ್ಲಿ, ಬುಕಾನನ್-ಹ್ಯಾಮಿಲ್ಟನ್ ಎಂಬ ಅವನ ನಂತರದ ಹೆಸರು ಮಾರ್ಟಿಯಸ್‌ನ ಹೆಸರಿನ ಜೊತೆ ನಿಂತಿದೆ.

ಕಾರ್ಲ್ ಫಾನ್ ಮಾರ್ಟಿಯಸ್ 1817ರಿಂದ 1820ರವರೆಗೆ ಬ್ರೆಜಿಲ್‌ನಲ್ಲಿ ಸಂಚರಿಸಿ, ಈ ಕುಟುಂಬದ ನೂರಾರು ರೂಪಗಳನ್ನು ಅವು ಬೆಳೆಯುವ ನೆಲದಲ್ಲಿಯೇ ಕಂಡಿದ್ದ ಮ್ಯೂನಿಕ್‌ನ ವಿದ್ವಾಂಸನು. ಕಲ್ಕತ್ತೆಯ ಸಸ್ಯೋದ್ಯಾನದ ನೇಥನಿಯಲ್ ವಾಲಿಕ್ ಕಂಪನಿಯ ಹರ್ಬೇರಿಯಮನ್ನು, ಎಂದರೆ ಒಣಸಸ್ಯಗಳ ಸಂಗ್ರಹವನ್ನು, ಲಂಡನ್ನಿಗೆ ಒಯ್ದು ಯುರೋಪಿನ ತಜ್ಞರಿಗೆ ಹಂಚಿದಾಗ ಎರಿಯೊಕಾಲಾನಿನ ಪಾಲು ಮಾರ್ಟಿಯಸ್‌ಗೆ ಬಂದಿತು. ವಾಲಿಕ್‌ನ ‘ಪ್ಲಾಂಟೆ ಏಶಿಯಾಟಿಕೆ ರೇರಿಯೋರೆಸ್’ ಗ್ರಂಥದ ಮೂರನೆಯ ಸಂಪುಟದಲ್ಲಿ 1832ರಲ್ಲಿ ಅವನು ಹೆಸರಿಸಿದ ಪ್ರಭೇದಗಳಲ್ಲಿ ದಕ್ಷಿಣದ ಬೆಟ್ಟಗಳ ಬ್ರೌನಿಯಾನಮ್, ಮದರಾಸಿನ ಸಸ್ಯತಜ್ಞ ರಾಬರ್ಟ್ ವೈಟ್‌ನನ್ನು ಸ್ಮರಿಸುವ ವೈಟಿಯಾನಮ್ ಮತ್ತು ಮೇಲೆ ಹೇಳಿದ ಟ್ರಂಕೇಟಮ್ ಸೇರಿವೆ. ಎರಿಯೊಕಾಲೇಸಿ ಎಂಬ ಕುಟುಂಬನಾಮಕ್ಕೆ ನಿಯಮದ ಪ್ರಕಾರ ಆದ್ಯತೆ ಸಿಗುವುದು ರಷ್ಯದ ಇವಾನ್ ಮಾರ್ಟಿನೊವ್‌ನ 1820ರ ಸಸ್ಯಶಾಸ್ತ್ರ ನಿಘಂಟಿಗಾದರೂ, ಈ ಗುಂಪು ಒಂದು ಸ್ವತಂತ್ರ ಕುಟುಂಬವೆಂದು ರಚನೆಯ ಆಧಾರದಿಂದ ವಾದಿಸಿ ತೋರಿಸಿದ ಶ್ರೇಯಸ್ಸು 1830ರ ದಶಕದ ಮಾರ್ಟಿಯಸ್‌ನ ಬರಹಗಳದು. ಅವನು ಆರಂಭಿಸಿದ ‘ಫ್ಲೋರಾ ಬ್ರೆಸಿಲಿಯೆನ್ಸಿಸ್’ ಮಾಲೆಯಲ್ಲಿ ಫ್ರೀಡ್ರಿಖ್ ಕೋರ್ನಿಕೆ 1863ರಲ್ಲಿ ಈ ಕುಟುಂಬವನ್ನು ವಿಸ್ತಾರವಾಗಿ ನಿರೂಪಿಸಿದನು.

ಇಡೀ ಜಗತ್ತಿನ ಪ್ರಭೇದಗಳನ್ನು ಒಂದೇ ಗ್ರಂಥದಲ್ಲಿ ಕ್ರಮಗೊಳಿಸಿದವನು ವಿಲ್ಹೆಲ್ಮ್ ರೂಲಾಂಡ್. ‘ದಾಸ್ ಫ್ಲಾಂಟ್ಸನ್‌ರೈಖ್’ ಮಾಲೆಯಲ್ಲಿ 1903ರಲ್ಲಿ ಬಂದ ಅವನ ಗ್ರಂಥ ಕುಟುಂಬವನ್ನು ಎರಡು ಉಪಕುಟುಂಬಗಳಾಗಿ ಒಡೆಯಿತು. ಕೇಸರಗಳ ಸಂಖ್ಯೆ ಎಸಳುಗಳ ಎರಡರಷ್ಟಿದ್ದು, ಎಸಳಿನ ಮೇಲೆ ಗ್ರಂಥಿಯಿರುವ ಎರಿಯೊಕಾಲಾನ್ ಮತ್ತು ಆಫ್ರಿಕದ ಮೆಸಾಂಥೆಮಮ್ ಒಂದು ಕಡೆ. ಕೇಸರಗಳೂ ಎಸಳುಗಳೂ ಸಮಸಂಖ್ಯೆಯಲ್ಲಿದ್ದು ಗ್ರಂಥಿಯಿಲ್ಲದ ಪೇಪಲಾಂಥಸ್ ಮತ್ತು ಅದರ ಬಳಗ ಇನ್ನೊಂದು ಕಡೆ. ಕೋಲಾರದ ಗದ್ದೆಬದುವಿನ ಗಿಡವೂ ಆಂಡೀಸ್ ಮಾಳದ ಮೆತ್ತೆಯೂ ಒಂದೇ ಕುಟುಂಬದ ಎರಡು ಕವಲುಗಳೆಂಬುದು ಹೀಗೆ ಹೂವಿನ ಒಳರಚನೆಯಿಂದ ಸ್ಥಿರಪಟ್ಟಿತು. ಮೆತ್ತೆಯಂಥ ಹೊರರೂಪವು ಬಂಧುತ್ವದ ಗುರುತಲ್ಲ, ಚಳಿ, ಗಾಳಿ ಮತ್ತು ಜೌಗಿಗೆ ಬೇರೆ ಬೇರೆ ಕುಟುಂಬಗಳು ಕೊಟ್ಟ ಒಂದೇ ಬಗೆಯ ಉತ್ತರ ಎಂಬ ತಿಳಿವಳಿಕೆಯೂ ಇದರೊಂದಿಗೆ ಗಟ್ಟಿಯಾಯಿತು.

ಇದೇ ಅವಧಿಯಲ್ಲಿ ಮೈಸೂರು ಸಂಸ್ಥಾನದೊಳಗೆ ಸಸ್ಯಶಾಸ್ತ್ರದ ಗಮನ ಮರಗಳ ಕಡೆಗೆ ವಾಲಿತ್ತು. 1880ರಲ್ಲಿ ಜಾನ್ ಟೇಲರ್ ಮತ್ತು ಮಕ್ಕಳ ಸಂಸ್ಥೆ ಕೋಲಾರದ ಗಣಿಗಳನ್ನು ವಹಿಸಿಕೊಂಡ ಮೇಲೆ ಆಳದ ಸುರಂಗಗಳಿಗೆ ಆಧಾರ ಕೊಡಲು ಮರದ ದಿಮ್ಮಿಗಳೂ, 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಬರುವವರೆಗೆ ಉಗಿಯಂತ್ರಗಳನ್ನು ನಡೆಸಲು ಸೌದೆಯೂ ಬೇಕಾಗಿದ್ದವು. ರೈಲಿಗೂ ಮರ ಬೇಕಾಗಿತ್ತು. ಲಾಲ್‌ಬಾಗ್‌ನ ಅಧಿಕಾರಿ ಜಾನ್ ಕ್ಯಾಮೆರಾನ್ ಮೈಸೂರು ಮತ್ತು ಕೊಡಗಿನ ಅರಣ್ಯವೃಕ್ಷಗಳನ್ನು ಕುರಿತ ಗ್ರಂಥವನ್ನು 1894ರಲ್ಲಿ ಪ್ರಕಟಿಸಿದರೆ, ಕೆರೆಯಂಗಳದ ಗೇಣುದ್ದದ ಗಿಡಗಳಿಗೆ ಅಂಥ ಗ್ರಂಥ ಬರಲಿಲ್ಲ. ಅಖಂಡ ಭಾರತದ ಮಟ್ಟದಲ್ಲಿ ಜೋಸೆಫ್ ಹೂಕರ್ ತನ್ನ ‘ಫ್ಲೋರಾ ಆಫ್ ಬ್ರಿಟಿಷ್ ಇಂಡಿಯಾ’ದ ಆರನೆಯ ಸಂಪುಟದಲ್ಲಿ ಈ ಕುಟುಂಬವನ್ನು ನಿರೂಪಿಸಿದ್ದನು, ಬೆಳಗಾವಿ, ಧಾರವಾಡ, ಉತ್ತರ ಕನ್ನಡಗಳು ಥಿಯೊಡೋರ್ ಕುಕ್‌ನ ಮುಂಬಯಿ ಪ್ರಾಂತದ ಗ್ರಂಥದಲ್ಲಿಯೂ, ದಕ್ಷಿಣ ಕನ್ನಡವು ಗ್ಯಾಂಬಲ್ ಆರಂಭಿಸಿ ಫಿಶರ್ ಮುಗಿಸಿದ ಮದರಾಸು ಪ್ರಾಂತದ ಗ್ರಂಥದಲ್ಲಿಯೂ ಸೇರಿದವು. ಆಡಳಿತದ ಗಡಿಗಳು ಕನ್ನಡ ನಾಡನ್ನು ಹಂಚಿದಂತೆ ಅದರ ಸಸ್ಯಗಳ ವಿವರಣೆಯನ್ನೂ ಹಂಚಿದವು. ಹಾಗಾಗಿ ಒಂದೇ ಪ್ರಭೇದ ಬೇರೆ ಬೇರೆ ಗ್ರಂಥಗಳಲ್ಲಿ ಬೇರೆ ಹೆಸರುಗಳಿಂದ ಕಾಣಿಸಿಕೊಳ್ಳುವುದು ಅಪರೂಪವಾಗಿರಲಿಲ್ಲ. ರಾಬರ್ಟ್ ಬ್ರೌನ್ 1810ರಲ್ಲಿ ಆಸ್ಟ್ರೇಲಿಯದ ಸಸ್ಯಗಳ ನಡುವೆ ಸಿನೇರಿಯಮ್ ಎಂದು ಹೆಸರಿಸಿದ ಗದ್ದೆಯ ಗಿಡವನ್ನೇ ಭಾರತದ ಗ್ರಂಥಗಳು ಬಹುಕಾಲ ಸೀಬೋಲ್ಡಿಯಾನಮ್ ಎಂದು ಕರೆದದ್ದು ಇದಕ್ಕೆ ಉದಾಹರಣೆ. ಮೊದಲು ಪ್ರಕಟವಾದ ಹೆಸರಿಗೇ ಮನ್ನಣೆ ಎಂಬ ಆದ್ಯತೆಯ ನಿಯಮದಂತೆ ಎರಡನೆಯದು ಈಗ ಪರ್ಯಾಯನಾಮವಾಗಿ ಉಳಿದಿದೆ.

ಈ ಗೊಂದಲವನ್ನು ಭಾರತದ ನೆಲದಲ್ಲಿಯೇ ನಿಂತು ಬಿಡಿಸಲು ಯತ್ನಿಸಿದವನು ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನ ಸಸ್ಯಶಾಸ್ತ್ರ ಪ್ರಾಧ್ಯಾಪಕ ಫಿಲಿಪ್ ಫರ್ಲಿ ಫೈಸನ್. ನೀಲಗಿರಿ ಮತ್ತು ಪಳನಿ ಬೆಟ್ಟಗಳ ನೆತ್ತಿಯ ಸಸ್ಯಗಳ ಬಗ್ಗೆ ಗ್ರಂಥ ಬರೆಯುತ್ತಿದ್ದ ಅವನಿಗೆ ಅಲ್ಲಿಯ ಜೌಗು ಹುಲ್ಲುಗಾವಲುಗಳ ಎರಿಯೊಕಾಲಾನ್ ಪ್ರಭೇದಗಳು ಯಾವ ಗ್ರಂಥದ ವಿವರಣೆಗೂ ಸರಿಯಾಗಿ ಹೊಂದದಿರುವುದು ಎದುರಾಯಿತು. 1919ರಲ್ಲಿ ತಾನೇ ಆರಂಭಿಸಿದ ‘ಜರ್ನಲ್ ಆಫ್ ಇಂಡಿಯನ್ ಬಾಟನಿ’ಯಲ್ಲಿ ಅವನು ಭಾರತದ ಎಲ್ಲ ಪ್ರಭೇದಗಳನ್ನು ಕಂತುಗಳಲ್ಲಿ ಮರುಪರಿಶೀಲಿಸಿ, ಅವುಗಳನ್ನು ಹೂವಿನ ಲಕ್ಷಣಗಳ ಮೇಲೆ ವಿಭಾಗಗಳಾಗಿ ಹಂಚಿದನು, ಎಸಳುಗಳು ಒಂದಕ್ಕೊಂದು ಅಸಮಾನವಾಗಿರುವವು, ಪರಾಗಕೋಶಗಳು ಕಪ್ಪಾಗಿರದೆ ಬಿಳಿಯಾಗಿರುವವು, ಉಪಪತ್ರಗಳು ರೋಮಭರಿತವಾಗಿರುವವು ಹೀಗೆ. ಇಂಡಿಯನ್ ಸಿವಿಲ್ ಸರ್ವಿಸ್‌ನಲ್ಲಿದ್ದ ಎಲ್.ಜೆ. ಸೆಡ್ಜ್‌ವಿಕ್ ಧಾರವಾಡ ಮತ್ತು ಉತ್ತರ ಕನ್ನಡದ ಕಡೆ ಗಿಡಗಳನ್ನು ಸಂಗ್ರಹಿಸುತ್ತಿದ್ದನು. ಅವನ ಹೆಸರು ಫೈಸನ್ ವಿವರಿಸಿದ ಎರಿಯೊಕಾಲಾನ್ ಸೆಡ್ಜ್‌ವಿಕಿಯಲ್ಲಿ ಉಳಿದಿದೆ. ಪಶ್ಚಿಮ ಕರ್ನಾಟಕದ ಕಲ್ಲುಬಯಲುಗಳು ಈ ಕುಲದ ವೈವಿಧ್ಯಕ್ಕೆ ಮುಖ್ಯ ನೆಲೆಗಳೆಂಬುದು ಗೋಚರವಾಗತೊಡಗಿದ್ದು ಆ ದಶಕದಿಂದ.

ಫೈಸನ್‌ನ ನಂತರ ನಿರ್ಣಾಯಕ ಲಕ್ಷಣದ ಹುಡುಕಾಟ ಹೂವಿನಿಂದ ಬೀಜಕ್ಕೆ ಸರಿಯಿತು. ಅರ್ಧ ಮಿಲಿಮೀಟರಿನ ಆಸುಪಾಸಿನ ಬೀಜದ ಸಿಪ್ಪೆಯ ಮೇಲೆ ಜೀವಕೋಶಗಳ ಗೋಡೆಗಳು ಉಳಿಸುವ ಜಾಲವಿನ್ಯಾಸ ಮತ್ತು ಅದರಿಂದ ಹೊರಚಾಚುವ ಸೂಕ್ಷ್ಮ ಕೊಂಬುಗಳು, ಕೂದಲುಗಳು ಪ್ರತಿ ಪ್ರಭೇದದಲ್ಲಿಯೂ ಬಹುಮಟ್ಟಿಗೆ ಸ್ಥಿರವಾಗಿರುತ್ತವೆ ಎಂಬುದು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಿಂದ ಸ್ಪಷ್ಟವಾಯಿತು. ಆರ್. ಅನ್ಸಾರಿ ಮತ್ತು ಎನ್.ಪಿ. ಬಾಲಕೃಷ್ಣನ್ 1994ರಲ್ಲಿ ಪ್ರಕಟಿಸಿದ, ಭಾರತದ ಎರಿಯೊಕಾಲೇಸಿ ಕುಟುಂಬದ ಗ್ರಂಥ ಬೀಜದ ಈ ಲಕ್ಷಣಗಳಿಗೆ ದೊಡ್ಡ ಸ್ಥಾನ ಕೊಟ್ಟಿತು. ಅದರ ಬೆನ್ನಿಗೆ ಕರ್ನಾಟಕದಿಂದಲೇ ಹೊಸ ಪ್ರಭೇದಗಳು ವರದಿಯಾದವು. ಉತ್ತರ ಕನ್ನಡದ ಅಣಶಿಯ ಹೆಸರನ್ನು ಹೊತ್ತ ಅಣಶಿಯೆನ್ಸೆ, ಕುಮಟಾದಲ್ಲಿ ಸಿಕ್ಕಿ ಕರಾವಳಿಯ ಹೆಸರು ಪಡೆದ ಕರಾವಳೆನ್ಸೆ ಅವುಗಳಲ್ಲಿವೆ. ಎರಡನೆಯದನ್ನು ಪುಣೆಯ ಆಘಾರ್ಕರ್ ಸಂಶೋಧನ ಸಂಸ್ಥೆಯ ತಂಡ, ಹೊರರೂಪದ ಜೊತೆಗೆ ಡಿಎನ್‌ಎ ಹೋಲಿಕೆಯ ಮೂಲಕ ಭಾರತದ ಎರಿಯೊಕಾಲಾನ್ ಪ್ರಭೇದಗಳ ವಿಕಾಸವನ್ನು ಅರಿಯುವ ಕೆಲಸದ ನಡುವೆ ಗುರುತಿಸಿತು.

ಕುಟುಂಬದೊಳಗಿನ ವಿಂಗಡಣೆ ಹೀಗೆ ಸೂಕ್ಷ್ಮವಾಗುತ್ತಿದ್ದಾಗ, ಕುಟುಂಬವನ್ನು ಯಾವ ಗಣದಲ್ಲಿ, ಎಂದರೆ ಸಂಬಂಧಿ ಕುಟುಂಬಗಳ ಯಾವ ಒಕ್ಕೂಟದಲ್ಲಿ ಇಡಬೇಕೆಂಬ ಪ್ರಶ್ನೆ ಒಂದು ಸುತ್ತು ತಿರುಗಿತು. ಭಾರತದ ಕಾಲೇಜುಗಳಲ್ಲಿ ದೀರ್ಘಕಾಲ ಪಾಠವಾಗಿದ್ದ ಬೆಂಥಮ್ ಮತ್ತು ಹೂಕರ್ ಪದ್ಧತಿ ಈ ಕುಟುಂಬವನ್ನು 1883ರಲ್ಲಿ ಹುಲ್ಲು, ಜೇಕು, ರೆಸ್ಟಿಯೊ ಮತ್ತು ಟಾಸ್ಮೇನಿಯ ಹಾಗೂ ನ್ಯೂಜಿಲೆಂಡಿನ ಜೌಗುಗಳಲ್ಲಿ ಮೆತ್ತೆ ಕಟ್ಟುವ ಸೆಂಟ್ರೊಲೆಪಿಸ್ ಬಳಗಗಳ ಜೊತೆ ಗ್ಲುಮೇಸಿ ಎಂಬ ಒಂದೇ ಶ್ರೇಣಿಯಲ್ಲಿಟ್ಟಿತು. ಜರ್ಮನಿಯ ಎಂಗ್ಲರ್ ಅದನ್ನು ಅಲ್ಲಿಂದ ತೆಗೆದು, ಬೀಜದೊಳಗಿನ ಹಿಟ್ಟಿನಂಥ ಆಹಾರಸಂಗ್ರಹದ ಆಧಾರದ ಮೇಲೆ ಅನಾನಸ್ ಮತ್ತು ಕನ್ನೆಸೊಪ್ಪಿನ ಕುಟುಂಬಗಳಿರುವ ಫಾರಿನೋಸೆ ಗಣಕ್ಕೆ ಸೇರಿಸಿದನು. ಅಮೆರಿಕದ ಕ್ರಾನ್‌ಕ್ವಿಸ್ಟ್ ಅದನ್ನು ಎರಿಯೊಕಾಲೇಲಿಸ್ ಎಂಬ ಪ್ರತ್ಯೇಕ ಗಣದಲ್ಲಿಯೇ ಇಟ್ಟನು. ಡಿಎನ್‌ಎ ಸಾಕ್ಷ್ಯವನ್ನು ಆಧರಿಸಿದ ಎಪಿಜಿ (ಆಂಜಿಯೊಸ್ಪರ್ಮ್ ಫೈಲೊಜೆನಿ ಗ್ರೂಪ್) ಪದ್ಧತಿ ಅದನ್ನು ಹುಲ್ಲು ಮತ್ತು ಜೇಕುಗಳಿರುವ ಪೊಯೇಲಿಸ್ ಗಣಕ್ಕೆ ಮರಳಿಸಿತು. ಆ ಪದ್ಧತಿಯ 2016ರ ಆವೃತ್ತಿ ಸೆಂಟ್ರೊಲೆಪಿಸ್ ಬಳಗವನ್ನು ರೆಸ್ಟಿಯೊ ಕುಟುಂಬದೊಳಗೆ ಕರಗಿಸಿತು. ಒದ್ದೆನೆಲಗಳಲ್ಲಿ ಬೆಳೆಯುವ, ಹಳದಿ ಹೂವಿನ ಕ್ಸೈರಿಸ್ ಈಗ ಎರಿಯೊಕಾಲಾನಿನ ಅತಿ ಹತ್ತಿರದ ಬಂಧುಗಳಲ್ಲಿ ಒಂದು. ರೂಲಾಂಡ್‌ನ ಎರಡು ಉಪಕುಟುಂಬಗಳನ್ನು ಈ ಸಾಕ್ಷ್ಯ ಎತ್ತಿಹಿಡಿದಿದೆ, ಆದರೆ ಪೇಪಲಾಂಥಸ್ ಎಂಬ ದೊಡ್ಡ ಕುಲ ಒಂದೇ ಮೂಲದಿಂದ ಕವಲೊಡೆದ ಗುಂಪಲ್ಲವೆಂದು ತೋರಿಸಿ, ಆಂಡೀಸ್‌ನ ಮೆತ್ತೆಗಳ ಸ್ಥಾನವನ್ನು ಮತ್ತೆ ಚರ್ಚೆಗೆ ತಂದಿದೆ.

ಕರ್ನಾಟಕದಲ್ಲಿ ಈ ಜ್ಞಾನದ ನೆಲೆ ಇನ್ನೂ ಅಪೂರ್ಣವಾಗಿದೆ. ಬೆಂಗಳೂರಿನ ಸೇಂಟ್ ಜೋಸೆಫ್ ಕಾಲೇಜಿನ ಸೆಸಿಲ್ ಸಲ್ಡಾನಾ, ಡ್ಯಾನ್ ನಿಕೋಲ್ಸನ್ ಜೊತೆ 1976ರಲ್ಲಿ ಪ್ರಕಟಿಸಿದ ಹಾಸನ ಜಿಲ್ಲೆಯ ಸಸ್ಯಗ್ರಂಥ ಜಿಲ್ಲೆಯೊಂದರ ಹೂಬಿಡುವ ಸಸ್ಯಗಳೆಲ್ಲವನ್ನೂ ಕ್ಷೇತ್ರಕಾರ್ಯದ ಮೂಲಕ ಹೇಗೆ ಪರಿಶೀಲಿಸಬೇಕೆಂಬುದಕ್ಕೆ ಮಾದರಿಯಾಯಿತು. ಆದರೆ ಅವರ ‘ಫ್ಲೋರಾ ಆಫ್ ಕರ್ನಾಟಕ’ದ ಸಂಪುಟಗಳು 1984 ಮತ್ತು 1996ರಲ್ಲಿ ಹೊರಬಂದು, ದ್ವಿದಳ ಸಸ್ಯಗಳ ನಡುವೆಯೇ ನಿಂತವು. ಏಕದಳ ಸಸ್ಯಗಳಲ್ಲಿ ಬರುವ ಎರಿಯೊಕಾಲಾನ್ ಆ ಯೋಜನೆಯ ಅಚ್ಚಾದ ಭಾಗವನ್ನು ತಲುಪಲಿಲ್ಲ.

ಸಸ್ಯಗಳ ವರ್ಗೀಕರಣದ ಪಕ್ಕದಲ್ಲಿಯೇ ನೆಲದ ವರ್ಗೀಕರಣವೊಂದು ನಡೆದಿತ್ತು. ಬಂಗಾರಪೇಟೆಗೆ ಹಿಂದೆ ಬೌರಿಂಗ್‌ಪೇಟೆ ಎಂಬ ಹೆಸರು ಬರಲು ಕಾರಣನಾದ ಕಮಿಷನರ್ ಲೂಯಿನ್ ಬೌರಿಂಗ್‌ನ ಆಡಳಿತದಲ್ಲಿ 1863ರಿಂದ ಮೈಸೂರು ಸಂಸ್ಥಾನದ ಕಂದಾಯ ಸರ್ವೆ ಆರಂಭವಾಯಿತು. ಬೆಳೆ ತೆಗೆಯಲಾಗದ್ದೆಂದು ಕಂದಾಯದಿಂದ ಬಿಟ್ಟ ಭಾಗಕ್ಕೆ ಖರಾಬು, ದನಕರು ಮೇಯಲು ಬಿಟ್ಟದ್ದಕ್ಕೆ ಗೋಮಾಳ ಎಂಬ ಹೆಸರುಗಳು ಪಹಣಿಗಳಲ್ಲಿ ನೆಲೆಯೂರಿದವು. ಎರಿಯೊಕಾಲಾನ್ ಬೆಳೆಯುವ ಕೆರೆಯಂಚು, ಬಂಡೆಯ ತೇವಭೂಮಿ, ಜಂಬಿಟ್ಟಿಗೆ ಬಯಲುಗಳು ಬಹುಮಟ್ಟಿಗೆ ಬಿದ್ದದ್ದು ಈ ವರ್ಗಗಳಿಗೇ. ಗಣಿಗಾರಿಕೆಗೂ ಕೈಗಾರಿಕೆಗೂ ಬಡಾವಣೆಗೂ ನೆಲ ಬೇಕಾದಾಗ ಮೊದಲು ಕಣ್ಣಿಗೆ ಬೀಳುವುದೂ ಇಂಥ ನೆಲವೇ. ಚಿನ್ನದ ಗಣಿಗಳು 2001ರಲ್ಲಿ ಮುಚ್ಚಿದಾಗ ಊರಿನ ನಡುವೆ ಉಳಿದ ಸೈನೈಡ್ ದಿಣ್ಣೆಗಳಲ್ಲಿ 3 ಕೋಟಿ ಟನ್ನಿಗೂ ಹೆಚ್ಚು ಅರೆದ ಕಲ್ಲಿನ ಪುಡಿಯಿದೆ. ಗಾಳಿಮಳೆಗಳಿಗೆ ಅದು ಸುತ್ತಲಿನ ನೆಲಕ್ಕೂ ಹಳ್ಳಗಳಿಗೂ ಹರಡುತ್ತ ಬಂದಿದೆ. 2018ರಿಂದ ಕೋರಮಂಗಲ-ಚಲ್ಲಘಟ್ಟ ಯೋಜನೆಯಡಿ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ಕೋಲಾರ ಜಿಲ್ಲೆಯ ಕೆರೆಗಳಿಗೆ ಹರಿಯುತ್ತಿದ್ದು, ಬರಪೀಡಿತ ಜಿಲ್ಲೆಯ ಅಂತರ್ಜಲಕ್ಕೆ ಅದು ಆಸರೆಯಾಗಿದೆ. ಆದರೆ ವರ್ಷವಿಡೀ ತುಂಬಿರುವ, ಪೋಷಕಾಂಶ ಹೆಚ್ಚಿದ ಕೆರೆಯಲ್ಲಿ, ನೀರಿಳಿದ ಬಡ ಕೆಸರನ್ನೇ ನಂಬಿದ ಒಂದು ಋತುವಿನ ಗಿಡಕ್ಕೆ ಮೊಳೆಯುವ ಅಂಚು ಉಳಿಯುವುದು ಕಷ್ಟ.

ಈ ಚರಿತ್ರೆಯುದ್ದಕ್ಕೂ ವರ್ಗೀಕರಣ ಬದಲಾದದ್ದು, ನೋಡುವವರು ಗಿಡಕ್ಕೆ ಇನ್ನಷ್ಟು ಹತ್ತಿರವಾದಾಗ. ಏಣುಗಳಿಂದ ಹೂವಿನೊಳಕ್ಕೆ, ಹೂವಿನಿಂದ ಬೀಜದ ಸಿಪ್ಪೆಗೆ, ಅಲ್ಲಿಂದ ಡಿಎನ್‌ಎಗೆ ದೃಷ್ಟಿ ಇಳಿದಂತೆ ಹಿಂದೆ ಒಂದೆಂದು ಎಣಿಸಿದ್ದು ಹಲವಾಯಿತು, ಹಲವೆಂದುಕೊಂಡದ್ದು ಒಂದಾಯಿತು. ಪಶ್ಚಿಮದ ಮಲೆಗಳಿಗೆ ದೊರೆತ ಈ ಹತ್ತಿರದ ನೋಟ ಪೂರ್ವದ ಕೆರೆಗಳಿಗೂ ದೊರೆಯಬೇಕಾದರೆ, ಮಳೆ ನಿಂತು ನೀರಿಳಿಯುವ ತಿಂಗಳುಗಳಲ್ಲಿ ಕೆರೆಯಂಗಳಕ್ಕೆ ಇಳಿದು, ಬಲಿತ ಬೀಜವಿರುವ ಮಾದರಿಗಳನ್ನು ಸಂಗ್ರಹಿಸುವ ಜಿಲ್ಲಾಮಟ್ಟದ ಕೆಲಸ ಬೇಕು. ಕೆರೆಗಳ ಅಭಿವೃದ್ಧಿಯನ್ನು ಯೋಜಿಸುವವರು ಪಹಣಿಯಲ್ಲಿ ಖರಾಬು ಎಂದಿರುವ ಅಂಚನ್ನು ಬರಿಯ ನೆಲವೆಂದು ಓದುವ ಮೊದಲು ಆ ಸಂಗ್ರಹವನ್ನು ಓದುವಂತಾದರೆ, ಎರಡು ವರ್ಗೀಕರಣಗಳು ಮೊದಲ ಬಾರಿಗೆ ಒಂದೇ ಮೇಜಿನ ಮೇಲೆ ಕೂಡುತ್ತವೆ.